ಮಾರೋದು ಕಾಗದ, ಕಾರು ಅದರ ಜೊತೆಗೆ

ದಾವಣಗೆರೆ ಕಡೆ ಹಳೇ ಕಾರು ಮಾರುವ ಅಂಗಡಿಗೆ ಆಟೋ ಕನ್ಸಲ್ಟೆಂಟ್ಸ್ ಅಂತ ಬೋರ್ಡು ಹಾಕುವುದು ರೂಢಿ. ನಮ್ಮದೂ ಅಂಥದ್ದೇ ಒಂದು. ಒಳಗೆ ಒಂದು ಟೇಬಲ್ಲು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಊದುಬತ್ತಿ ಹೊಗೆಗೆ ಕಪ್ಪಾದ ದೇವರ ಫೋಟೋ. ಹೊರಗೆ ತೊಳೆದು ಒರೆಸಿ ನಿಲ್ಲಿಸಿದ ಏಳೆಂಟು ಗಾಡಿ. ನಾವು ಕಾರು ಮಾರುತ್ತೇವೆ ಅಂತ ಊರವರೆಲ್ಲ ನಂಬಿದ್ದಾರೆ, ಪಾಪ. ನಾವು ಮಾರೋದು ಕಾಗದ. ಕಾರು ಅದರ ಜೊತೆ ಬರುತ್ತದೆ ಅಷ್ಟೇ.

ಗಿರಾಕಿ ಒಬ್ಬನೇ ಬರುವುದಿಲ್ಲ. ಜೊತೆಗೆ ಭಾವಮೈದ ಇರುತ್ತಾನೆ. ಅವನಿಗೆ ಗಾಡಿ ಬಗ್ಗೆ ಎಲ್ಲ ಗೊತ್ತು. ಮನೆಗೊಬ್ಬ ಇಂಥ ಭಾವಮೈದ ಇರಲೇಬೇಕು ಅಂತ ಕಾನೂನು ಇದೆಯೋ ಏನೋ. ಬಂದವನೇ ಬಾನೆಟ್ ಎತ್ತಿಸುತ್ತಾನೆ. ಆಯಿಲ್ ಕ್ಯಾಪ್ ಬಿಚ್ಚಿ ಹೊಗೆ ಬರುತ್ತಾ ಅಂತ ಮೂಗು ಹತ್ತಿರ ತರುತ್ತಾನೆ. ಬಾಗಿಲ ಬೀಡಿಂಗ್ ಎಳೆದು ವೆಲ್ಡಿಂಗ್ ಗುರುತು ಹುಡುಕುತ್ತಾನೆ. ಡಿಕ್ಕಿಯ ಮ್ಯಾಟ್ ಕೆಳಗೆ ಬೆರಳು ತೂರಿಸಿ ತುಕ್ಕು ಕೆರೆಯುತ್ತಾನೆ. ಕೊನೆಗೆ ಟಯರ್ ಒದೆಯುತ್ತಾನೆ. ಒದ್ದರೆ ಏನು ಗೊತ್ತಾಗುತ್ತದೆ ಅಂತ ಇವತ್ತಿಗೂ ಯಾರೂ ನನಗೆ ಹೇಳಿಲ್ಲ. ಇಷ್ಟೆಲ್ಲ ಆದ ಮೇಲೆ ಆರ್‌ಸಿ ಕಾರ್ಡ್ ಕೈಗೆ ಕೊಟ್ಟರೆ ಎರಡು ಸಲ ತಿರುಗಿಸಿ, "ಪೇಪರ್ ಎಲ್ಲ ಕ್ಲಿಯರ್ ಅಲ್ವಾ?" ಅಂತ ಕೇಳಿ ವಾಪಸ್ ಕೊಡುತ್ತಾನೆ. ಓದುವುದಿಲ್ಲ.

ಸರ್ಕಾರಿ ಕಚೇರಿಯಲ್ಲಿ ಇದರ ಉಲ್ಟಾ. ಅಲ್ಲಿ ಯಾರೂ ಬಾನೆಟ್ ಎತ್ತುವುದಿಲ್ಲ. ಹೆಸರು ಬದಲಾವಣೆಗೆ ಹೋದರೆ ಗಾಡಿಯಲ್ಲಿ ಇಂಜಿನ್ ಇದೆಯೋ ಇಲ್ಲವೋ ಯಾರಿಗೂ ಬೇಕಾಗಿಲ್ಲ. ಫಾರಂ 29 ಬೇಕು, ಫಾರಂ 30 ಬೇಕು, ಸಾಲ ಇದ್ದ ಗಾಡಿಯಾದರೆ ಫಾರಂ 35 ಬೇಕು, ಬ್ಯಾಂಕಿನ ಎನ್‌ಓಸಿ ಬೇಕು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ ಗುರುತು ಬೇಕು. ಆ ನಂಬರು ಇರುವ ಗಾಡಿ ಮಾತ್ರ ಬೇಡ.

ನಮ್ಮ ಧಂಧೆಗೂ ಒಂದು ಮರ್ಯಾದೆ ಬರಲಿ ಅಂತ ಕೇಂದ್ರ ಸರ್ಕಾರ 2022ರ ಡಿಸೆಂಬರ್ 22ರಂದು ಹೊಸ ನಿಯಮ ಹೊರಡಿಸಿತು. 2023ರ ಏಪ್ರಿಲ್ 1ರಿಂದ ಜಾರಿ. ಏಪ್ರಿಲ್ ಒಂದನ್ನೇ ಯಾಕೆ ಆರಿಸಿದರು ಅಂತ ನಾನು ಕೇಳಲಿಲ್ಲ. ಇನ್ನು ಮೇಲೆ ಹಳೇ ಗಾಡಿ ವ್ಯಾಪಾರಿಗೂ ಅಧಿಕೃತ ಪ್ರಮಾಣಪತ್ರ ಬೇಕು. ಅದಕ್ಕೆ ಅರ್ಜಿ ಫಾರಂ 29ಎ. ಪ್ರಮಾಣಪತ್ರ 29ಬಿ. ಮಾಲೀಕರು ಗಾಡಿಯನ್ನು ನಮ್ಮ ವಶಕ್ಕೆ ಕೊಟ್ಟಿದ್ದಾರೆ ಅಂತ ತಿಳಿಸೋಕೆ 29ಸಿ. ಉದ್ದೇಶ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಕದ್ದ ಗಾಡಿ ಕೈ ಬದಲಾಯಿಸಬಾರದು, ಅಂಗಡಿಯಲ್ಲಿ ನಿಂತ ಗಾಡಿ ಯಾರಿಗಾದರೂ ಗುದ್ದಿದರೆ ಹೊಣೆ ಯಾರದ್ದು ಅಂತ ಗೊತ್ತಿರಬೇಕು. ಸರಿ. ಆದರೆ ಅದರ ಜೊತೆ ಒಂದು ಟ್ರಿಪ್ ರಿಜಿಸ್ಟರನ್ನೂ ಕೊಟ್ಟರು. ಅದೂ ಕಂಪ್ಯೂಟರಿನಲ್ಲೇ ಇರಬೇಕು. ಗಾಡಿ ಅಂಗಡಿಯಿಂದ ಹೊರಟರೆ ಯಾಕೆ ಹೊರಟಿತು, ಯಾರು ಓಡಿಸಿದರು, ಎಷ್ಟು ಹೊತ್ತಿಗೆ, ಎಷ್ಟು ಕಿಲೋಮೀಟರ್, ಎಲ್ಲ ಬರೆಯಬೇಕು. ಗಿರಾಕಿಗೆ ಓಡಿಸಿ ತೋರಿಸೋಕೆ, ರಿಪೇರಿಗೆ, ಪೇಂಟಿಂಗ್‌ಗೆ, ತಪಾಸಣೆಗೆ, ಇಂಥ ಕೆಲಸಕ್ಕಷ್ಟೇ ಹೊರಡಬಹುದು.

ಈಗ ಭಾವಮೈದ ಬರುತ್ತಾನೆ. "ಒಂದ್ ರೌಂಡ್ ನೋಡ್ಕೊಂಡ್ ಬರ್ತೀವಿ" ಅಂತ ಕೀ ಇಸ್ಕೊಳ್ಳುತ್ತಾನೆ. ರಿಜಿಸ್ಟರಿನಲ್ಲಿ ಉದ್ದೇಶ ಅಂತ ಇರುವ ಕಡೆ ನಾನು ಡೆಮೊ ಅಂತ ಟೈಪ್ ಮಾಡುತ್ತೇನೆ. ಗಾಡಿ ವಾಪಸ್ ಬರುವಾಗ ಮಧ್ಯಾಹ್ನ. ಸ್ಟೀರಿಂಗ್ ಮುಟ್ಟಿದರೆ ಬೆಣ್ಣೆಗೆ ಕೈ ಜಾರುತ್ತದೆ. ಹಿಂದಿನ ಸೀಟಿನಲ್ಲಿ ಚಟ್ನಿ. "ಗೇರು ಸ್ವಲ್ಪ ಟೈಟು ಅಣ್ಣಾ, ಮನೇಲಿ ಕೇಳಿ ಹೇಳ್ತೀವಿ." ಇದಕ್ಕೆ ರಿಜಿಸ್ಟರಿನಲ್ಲಿ ಯಾವ ಕಾಲಂ ಇದೆ ಹೇಳಿ. ದೋಸೆಗೆ ಹೋದ ಟ್ರಿಪ್ಪನ್ನು ತಪಾಸಣೆ ಅಂತ ಬರೆದರೆ ಸುಳ್ಳು, ಡೆಮೊ ಅಂತ ಬರೆದರೆ ಅರ್ಧ ಸತ್ಯ.

ಫಾರಂ ಹೋಗಲಿ, ಹೇಗೋ ತುಂಬಬಹುದು. ನಮ್ಮ ನಿಜವಾದ ಶನಿ ಓಟಿಪಿ. ಹೆಸರು ಬದಲಾಯಿಸಬೇಕಾದರೆ ಮಾರಿದವರ ಫೋನಿಗೆ ಒಂದು ಓಟಿಪಿ ಬರುತ್ತದೆ. ಅವರು ಅದನ್ನು ಹೇಳಬೇಕು. ಮಾರಿದವರಿಗೆ ದುಡ್ಡು ಬಂದಾಗಿದೆ, ಹೊಸ ಗಾಡಿಯಲ್ಲಿ ಧರ್ಮಸ್ಥಳಕ್ಕೂ ಹೋಗಿ ಬಂದಾಗಿದೆ. ನಮ್ಮ ಹೆಸರು ಅವರಿಗೆ ಮರೆತಿದೆ. ಇನ್ನೊಂದು ಕಡೆ ಬ್ಯಾಂಕು, ಪೊಲೀಸು, ಟಿವಿ, ಮೊಮ್ಮಗ ಎಲ್ಲರೂ ಸೇರಿ ಓಟಿಪಿ ಯಾರಿಗೂ ಕೊಡಬೇಡಿ ಅಂತ ಅವರಿಗೆ ಗಿಳಿಪಾಠ ಮಾಡಿಸಿದ್ದಾರೆ. ಸರ್ಕಾರವೂ ಸುಮ್ನೆ ಕೂರಲಿಲ್ಲ. 2025ರಲ್ಲಿ ಸ್ವಲ್ಪ ಕಾಲ ಯಾರಿಗೆ ಫೋನ್ ಮಾಡಿದರೂ ರಿಂಗ್ ಆಗುವ ಮೊದಲು ಸೈಬರ್ ವಂಚನೆಯ ಎಚ್ಚರಿಕೆ ಕೇಳಿಸುತ್ತಿತ್ತಲ್ಲ. ಅದು ಕೇಳಿಸುತ್ತಿದ್ದದ್ದು ಫೋನ್ ಮಾಡಿದವರಿಗೆ. ಅಂದರೆ ನಾನು ಓಟಿಪಿ ಕೇಳೋಕೆ ಫೋನ್ ಎತ್ತಿದರೆ, ಓಟಿಪಿ ಹಂಚಿಕೊಳ್ಳಬೇಡಿ ಅಂತ ನನಗೇ ಉಪದೇಶ. ಅದು ಮುಗಿದ ಮೇಲೆ ಆ ಕಡೆಯಿಂದ ಹಲೋ.

"ಸರ್, ನಮಸ್ಕಾರ. ನಿಮ್ಮ ಗಾಡಿ ಟ್ರಾನ್ಸ್‌ಫರ್‌ಗೆ ಒಂದು ಓಟಿಪಿ ಬಂದಿರುತ್ತೆ, ಸ್ವಲ್ಪ ನೋಡ್ತೀರಾ?"

"ಯಾವ ಗಾಡಿ?"

"ನೀವು ನಮಗೆ ಕೊಟ್ಟಿದ್ರಲ್ಲ ಸರ್, ಬಿಳಿ ವ್ಯಾಗನ್ ಆರ್."

"ನನ್ನ ಹತ್ರ ಬಿಳಿ ವ್ಯಾಗನ್ ಆರ್ ಇತ್ತು ಅಂತ ನಿಂಗೆ ಹೆಂಗಯ್ಯಾ ಗೊತ್ತು?"

"ಸರ್, ನಾನೇ ಅಲ್ವಾ ತಗೊಂಡಿದ್ದು..."

"ಹಿಂಗೇ ಮಾತಾಡಿ ಮೋಸ ಮಾಡ್ತೀರಿ. ಈಗಲೇ ಸೈಬರ್ ಪೊಲೀಸ್ರ 1930ಗೆ ಫೋನ್ ಮಾಡ್ತೀನಿ, ಇರು."

ಇಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿರುತ್ತದೆ. ಇವರಾದರೂ ಫೋನ್ ಎತ್ತಿದರು, ಪುಣ್ಯಾತ್ಮರು. ಕೆಲವರ ಹಳೇ ನಂಬರು ರೀಚಾರ್ಜ್ ಇಲ್ಲದೆ ಸತ್ತು ಇನ್ಯಾರದೋ ಕೈ ಸೇರಿರುತ್ತದೆ. ಕೆಲವರು ಗಾಡಿ ಮಾರಿ ಮಗನ ಮನೆಗೆ ಅಂತ ಅಮೆರಿಕಕ್ಕೆ ಹೋಗಿರುತ್ತಾರೆ. ನಮ್ಮ ಕಚೇರಿ ಸಮಯ ಅವರಿಗೆ ನಡುರಾತ್ರಿ. ಹಿಂದೆ ಇದನ್ನೆಲ್ಲ ಒಂದು ಸಹಿಯಲ್ಲಿ ಮುಗಿಸುತ್ತಿದ್ದರು, ಆ ಸಹಿ ಯಾರದ್ದು ಅಂತ ಯಾರೂ ಕೇಳುತ್ತಿರಲಿಲ್ಲ. ಅದಕ್ಕೇ ಓಟಿಪಿ ತಂದರು ಅನ್ನುವುದನ್ನೂ ಒಪ್ಪಬೇಕು.

ಇನ್ನು ಜನರ ಕಡೆಯ ಕಾಗದ. ಹಳೇ ಗಾಡಿ ಅಂದರೆ ಅದನ್ನು ಡಾಕ್ಟರೇ ಓಡಿಸಿರಬೇಕು. ಸಿಂಗಲ್ ಓನರ್, ಡಾಕ್ಟರ್ ಗಾಡಿ, ಷೋರೂಂ ಸರ್ವಿಸ್. ಈ ಮೂರು ಮಾತು ಇಲ್ಲದಿದ್ದರೆ ಗಿರಾಕಿ ಕುರ್ಚಿಯಲ್ಲಿ ಕೂರುವುದೇ ಇಲ್ಲ. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಆದರೂ ಹಳೇ ಗಾಡಿ ಬಜಾರಿಗೆ ಬೇಕಾದಷ್ಟು ಡಾಕ್ಟರುಗಳನ್ನು ಪೂರೈಸೋಕೆ ಆಗುತ್ತಿಲ್ಲ. ಮೀಟರಿನ ಕಥೆಯೂ ಇದೇ. ಹತ್ತು ವರ್ಷದ ಡೀಸೆಲ್ ಗಾಡಿ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದೆ ಅಂತ ನಿಜ ಹೇಳಿದರೆ, "ಜಾಸ್ತಿ ಆಯ್ತಲ್ರೀ" ಅಂತ ಮುಖ ತಿರುಗಿಸುತ್ತಾರೆ. ಪಕ್ಕದ ಅಂಗಡಿಯಲ್ಲಿ ಅದೇ ವರ್ಷದ, ಅದೇ ಬಣ್ಣದ ಗಾಡಿ 58,000 ತೋರಿಸುತ್ತಾ ನಿಂತಿರುತ್ತದೆ. ಸ್ಟೀರಿಂಗಿನ ಹೊದಿಕೆ ಸವೆದು ನುಣ್ಣಗಾಗಿದೆ, ಕ್ಲಚ್ ಪೆಡಲ್ಲಿನ ರಬ್ಬರ್ ಬೋಳಾಗಿದೆ. ಮೀಟರು ಮಾತ್ರ ಹರೆಯದಲ್ಲಿದೆ. ಅದನ್ನು ಕೊಂಡು ಖುಷಿಯಿಂದ ಹೋಗುತ್ತಾರೆ. ಆಮೇಲೆ ಮದುವೆ ಮನೆಯಲ್ಲಿ ಕೂತು, ಈ ಕನ್ಸಲ್ಟೆಂಟ್‌ಗಳೆಲ್ಲ ಮೋಸಗಾರರು ಕಣ್ರೀ ಅನ್ನುತ್ತಾರೆ.

ತೆರಿಗೆಗೆ ಬರೋಣ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಭೆ ಸೇರಿತು. ಮರಳುಗಾಡಿನ ಊರು, ತಲೆಗೆ ಬಿಸಿಲು ಏರಿತ್ತು ಅನ್ನೋಣ ಅಂದರೆ ಡಿಸೆಂಬರ್. ಆ ಒಂದೇ ಸಭೆಯಲ್ಲಿ ದೇಶದ ಎರಡು ದೊಡ್ಡ ಸಮಸ್ಯೆಗಳು ಇತ್ಯರ್ಥ ಆದವು. ಒಂದು, ಉಪ್ಪು ಖಾರದ ಪಾಪ್‌ಕಾರ್ನ್ ಬಿಡಿಯಾಗಿದ್ದರೆ ಶೇ 5, ಪ್ಯಾಕೆಟ್ಟಿನಲ್ಲಿದ್ದರೆ ಶೇ 12, ಸಕ್ಕರೆ ಪಾಕ ಹಚ್ಚಿದರೆ ಶೇ 18. ಇನ್ನೊಂದು, ಅಲ್ಲಿಯವರೆಗೆ ಶೇ 12 ಇದ್ದ ಹಳೇ ಸಣ್ಣ ಕಾರಿಗೂ, ಹಳೇ ಎಲೆಕ್ಟ್ರಿಕ್ ಗಾಡಿಗೂ ಇನ್ನು ಮೇಲೆ ಶೇ 18. ಹೀಗೆ ನಮ್ಮ ಆಲ್ಟೋ ಕ್ಯಾರಮೆಲ್ ಪಾಪ್‌ಕಾರ್ನ್ ಪಂಕ್ತಿಯಲ್ಲಿ ಊಟಕ್ಕೆ ಕೂತಿತು.

ಈ ತೆರಿಗೆ ಗಾಡಿಯ ಪೂರ್ತಿ ಬೆಲೆಗಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸಕ್ಕೆ. ಆದರೆ ಮರುದಿನವೇ ವಾಟ್ಸಾಪ್‌ನಲ್ಲಿ ಬೇರೆ ಸುದ್ದಿ. 12 ಲಕ್ಷಕ್ಕೆ ಕೊಂಡ ಕಾರನ್ನು 9 ಲಕ್ಷಕ್ಕೆ ಮಾರಿದರೆ ಹೋದ 3 ಲಕ್ಷಕ್ಕೂ ಶೇ 18 ಕಟ್ಟಬೇಕಂತೆ! ಊರಿಗೆ ಊರೇ ಗಾಬರಿ. ಮನೆ ಗಾಡಿಯನ್ನು ನೀವು ನೇರ ಪಕ್ಕದ ಮನೆಯವರಿಗೆ ಮಾರಿದರೆ ಜಿಎಸ್‌ಟಿ ಇಲ್ಲ, ನಷ್ಟಕ್ಕೂ ಇಲ್ಲ, ನೋಂದಣಿ ಇರುವ ವ್ಯಾಪಾರಿಯ ಲಾಭಕ್ಕೆ ಮಾತ್ರ ಅಂತ ಆಮೇಲೆ ವಿವರಣೆ ಬಂತು. ವಿವರಣೆಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಲಾಭ ಅಂದೆನಲ್ಲ, ಅದರ ಲೆಕ್ಕ ಕೇಳಿ. 3 ಲಕ್ಷಕ್ಕೆ ಒಂದು ಗಾಡಿ ತಗೊಂಡೆ ಅಂದುಕೊಳ್ಳಿ. ಟಿಂಕರಿಂಗ್, ಪೇಂಟ್ ಟಚಪ್, ಬ್ಯಾಟರಿ, ಎರಡು ಟಯರ್ ಸೇರಿ 25,000 ಖರ್ಚು. 3 ಲಕ್ಷದ 40 ಸಾವಿರಕ್ಕೆ ಮಾರಿದೆ. ನನ್ನ ಲೆಕ್ಕದಲ್ಲಿ ಉಳಿದದ್ದು 15,000. ತೆರಿಗೆ ಲೆಕ್ಕದಲ್ಲಿ ವ್ಯತ್ಯಾಸ 40,000. ರಿಪೇರಿ ಖರ್ಚನ್ನು ಅದರಲ್ಲಿ ಕಳೆಯುವ ಹಾಗಿಲ್ಲ. ಅದಕ್ಕೆ ಶೇ 18ರಂತೆ 7,200. ಇನ್ನು ಆರು ತಿಂಗಳು ಬಿಸಿಲಲ್ಲಿ ನಿಂತು ನಷ್ಟಕ್ಕೇ ಹೋದ ಗಾಡಿ ಇದೆಯಲ್ಲ, ಅದಕ್ಕೆ ತೆರಿಗೆ ಇಲ್ಲ, ನಿಜ. ಹಾಗಂತ ಆ ನಷ್ಟವನ್ನು ಈ ಗಾಡಿಯ ಲಾಭಕ್ಕೆ ಹೊಂದಿಸೋಕೂ ಆಗಲ್ಲ. ಲಾಭ ಬಂದರೆ ಸರ್ಕಾರ ನಮ್ಮ ಪಾಲುದಾರ. ನಷ್ಟದ ದಿನ ಅವರಿಗೆ ಬೇರೆ ಕೆಲಸ ಇರುತ್ತದೆ.

ಅಷ್ಟರಲ್ಲಿ 2025ರ ಸೆಪ್ಟೆಂಬರ್ 22 ಬಂತು. ಹೊಸ ಸಣ್ಣ ಕಾರಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು, ಸೆಸ್ಸೂ ಹೋಯಿತು. ಜನರಿಗೆ ಹಬ್ಬ, ನಮಗೂ ಬೇಜಾರಿಲ್ಲ. ಆದರೆ ಶ್ರಾವಣದಲ್ಲಿ ಹಳೇ ರೇಟಿಗೆ ಕೊಂಡಿಟ್ಟ ಗಾಡಿಗಳು ಅಂಗಡಿ ಮುಂದೆ ನಿಂತಲ್ಲೇ ಬಡವಾದವು. ಹಳೇ ಗಾಡಿಯ ಶೇ 18 ಹಾಗೇ ಉಳಿಯಿತು.

ಗಾಡಿಯ ವಯಸ್ಸು ಕೇಳಿದರೆ ಇನ್ನೂ ಮಜಾ. ದಿಲ್ಲಿಯಲ್ಲಿ ಡೀಸೆಲ್ ಗಾಡಿ 10 ವರ್ಷಕ್ಕೆ, ಪೆಟ್ರೋಲ್ ಗಾಡಿ 15 ವರ್ಷಕ್ಕೆ ಮುಗೀತು ಅಂದರು. 2025ರ ಜುಲೈ 1ರಿಂದ ಬಂಕಿನಲ್ಲಿ ಕ್ಯಾಮೆರಾ ಇಟ್ಟು, ಅಂಥ ಗಾಡಿಗೆ ಎಣ್ಣೆ ಹಾಕಬೇಡಿ ಅಂದರು. ಎರಡು ಮೂರು ದಿನಕ್ಕೇ ಆ ಮಾತು ಹಿಂದೆ ಸರಿಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಸದ್ಯಕ್ಕೆ ಕ್ರಮ ಬೇಡ ಅಂದಿತು. ಅಲ್ಲಿ ಸತ್ತ ಗಾಡಿ ಎನ್‌ಓಸಿ ಹಿಡಿದು ನಮ್ಮ ಕಡೆ ಬಂದು ಇಲ್ಲಿಯ ತೆರಿಗೆ ಕಟ್ಟಿದರೆ ಮತ್ತೆ ಎದ್ದು ಓಡಾಡುತ್ತದೆ. ಹೊಗೆ ಅದೇ, ಊರು ಬೇರೆ. ನಮ್ಮ ಕಡೆಯ ಮುದಿ ಗಾಡಿಗೂ ಗೌರವ ಕಡಿಮೆಯೇನಿಲ್ಲ. 15 ವರ್ಷದ ಮೇಲೆ ಆರ್‌ಸಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯಿತು. 20 ವರ್ಷ ದಾಟಿದರೆ 10,000 ಅಂತ 2025ರಲ್ಲಿ ಆದೇಶ ಬಂತು. ಕೆಲವು ಗಾಡಿಗಳಲ್ಲಿ ಆರ್‌ಸಿಯೇ ಗಾಡಿಗಿಂತ ದುಬಾರಿ.

ನಂಬರ್ ಪ್ಲೇಟಿನ ಕಥೆ ಎಲ್ಲರಿಗೂ ಗೊತ್ತಿದೆ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆಲ್ಲ ಎಚ್‌ಎಸ್‌ಆರ್‌ಪಿ ಅನ್ನುವ ಹೊಸ ಪ್ಲೇಟು ಹಾಕಿಸಿ, 2023ರ ನವೆಂಬರ್ 17 ಕೊನೇ ದಿನ ಅಂದರು. ಆಮೇಲೆ 2024ರ ಫೆಬ್ರುವರಿ 17 ಕೊನೇ ದಿನ. ಆಮೇಲೆ ಮೇ 31. ಆಮೇಲೆ ಸೆಪ್ಟೆಂಬರ್ 15. ಅಲ್ಲಿಗೂ ನಿಲ್ಲಲಿಲ್ಲ. ಮೊದಲ ಗಡುವಿಗೇ ಓಡಿಹೋಗಿ ಹಾಕಿಸಿದವರು ಪೆಚ್ಚಾದರು. ಟ್ರಾಫಿಕ್ ದಂಡವೂ ಹಾಗೇ, ಆಷಾಢದ ಸೀರೆ ಸೇಲ್ ಇದ್ದಂತೆ. 2023ರಲ್ಲಿ ಅರ್ಧಕ್ಕೆ ಅರ್ಧ ರಿಯಾಯಿತಿ ಕೊಟ್ಟರು, 2025ರಲ್ಲೂ ಕೊಟ್ಟರು. ಗಾಡಿ ಮಾರೋಕೆ ಬಂದವರನ್ನು, "ಸರ್, ದಂಡ ಬಾಕಿ ಇದೆಯಲ್ಲ" ಅಂತ ಕೇಳಿದರೆ, "ಆಫರ್ ಬರುತ್ತೆ ಬಿಡ್ರೀ" ಅನ್ನುತ್ತಾರೆ.

ಇಷ್ಟೆಲ್ಲ ಕಾಗದ ಒಟ್ಟು ಮಾಡಿ, ಓಟಿಪಿಗೆ ಕಾಲು ಹಿಡಿದು, ಫೈಲ್ ಸಿದ್ಧ ಮಾಡಿಟ್ಟರೆ ಕೊನೆಗೆ ಕೊಂಡವರೇ ಬೇಡ ಅನ್ನುತ್ತಾರೆ. ನಿಯಮದ ಪ್ರಕಾರ ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಗಾಡಿ ಎಷ್ಟೇ ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ. ಮಾರಿದವರಿಗೆ ಇದು ಗೊತ್ತಿಲ್ಲ, ಕೊಂಡವರಿಗೆ ಬೇಕಿಲ್ಲ. ಅತ್ತ ಚಿತ್ರದುರ್ಗದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮನೆಯಲ್ಲಿ ಕೂತಿರುತ್ತಾರೆ. ಬೆಂಗಳೂರಿನಲ್ಲಿ ಸಿಗ್ನಲ್ ಹಾರಿದ ನೋಟಿಸು ಅವರ ಹೆಸರಿಗೆ ಬರುತ್ತದೆ.

ಆ ಮೇಷ್ಟ್ರ ಗಾಡಿ ಕೊಂಡವನಿಗೆ ಫೈಲ್ ಮುಂದಿಟ್ಟು, "ಸಹಿ ಹಾಕಿ ಸರ್, ನಾಳೆನೇ ಕಳಿಸ್ತೀನಿ" ಅಂದೆ.

"ಈಗ್ಲೇ ಯಾಕ್ರೀ? ಅವರ ಹೆಸರಲ್ಲೇ ಇರ್ಲಿ. ಮುಂದೆ ಮಾರೋವಾಗ ಸಿಂಗಲ್ ಓನರ್ ಅನ್ಬಹುದು ಅಲ್ವಾ?"

"ನೋಟಿಸು ಪಾಪ ಅವರಿಗೆ ಹೋಗುತ್ತೆ ಸರ್."

"ಅಂದಹಾಗೆ ಅವರು ಏನ್ ಕೆಲಸದಲ್ಲಿದ್ರು?"

"ಮೇಷ್ಟ್ರು. ಕಾಲೇಜಲ್ಲಿ ಕನ್ನಡ ಪಾಠ ಮಾಡ್ತಿದ್ರು."

ಭಾವಮೈದನ ಮುಖ ನೋಡಿದ. ಭಾವಮೈದ ಸ್ವಲ್ಪ ಯೋಚನೆ ಮಾಡಿ ಕೇಳಿದ: "ಪಿಎಚ್‌ಡಿ ಏನಾದ್ರೂ ಮಾಡಿದ್ರಾ? ಹಂಗಿದ್ರೆ ಡಾಕ್ಟರ್ ಗಾಡಿ ಅನ್ಬಹುದು."