ಹೆಬ್ಬೆರಳಿಗೆ ರಜೆ ಇಲ್ಲ

ಕಾಲು ಮುರಿದರೆ ಜನ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. ಜ್ವರ ಬಂದರೆ ಆಫೀಸಿನಲ್ಲಿ ರಜೆ ಸಿಗುತ್ತದೆ. ಉಗುರಿಗೆ ಪೆಟ್ಟು ಬಿದ್ದರೆ? "ಅಯ್ಯೋ, ಇಷ್ಟೇನಾ" ಅನ್ನುತ್ತಾರೆ. ಆಮೇಲೆ ತಲೆಗೊಂದು ಮದ್ದು ಹೇಳಿ ಹೋಗುತ್ತಾರೆ. ನನ್ನ ವಿಷಯದಲ್ಲಿ ಹಣ್ಣು ತಂದವರು ಒಬ್ಬರೇ. ಅದೂ ನಿಂಬೆಹಣ್ಣು.

ನಾವಿರುವುದು ಮುಂಬೈ ಪಕ್ಕದ ಡೊಂಬಿವಲಿಯ ಒಂದು ಹಳೇ ಬಿಲ್ಡಿಂಗಿನಲ್ಲಿ. ಲಿಫ್ಟಿಗೆ ಎಳೆದು ಮುಚ್ಚುವ ಕಬ್ಬಿಣದ ಜಾಲಿ ಬಾಗಿಲು. ಶುಕ್ರವಾರ ಸಂಜೆ ತರಕಾರಿ ಚೀಲ ಸರಿ ಮಾಡಿಕೊಳ್ಳಲು ಜಾಲಿ ಹಿಡಿದು ನಿಂತಿದ್ದೆ. ಹಿಂದಿನಿಂದ ಓಡಿ ಬಂದ ಹುಡುಗನೊಬ್ಬ ಒಳಗೆ ನುಗ್ಗಿ ಬಾಗಿಲು ಎಳೆದ. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಮಧ್ಯೆ ನನ್ನ ಬಲಗೈ ಹೆಬ್ಬೆರಳಿತ್ತಲ್ಲ! ಕೂಡಲೇ ಲಿಫ್ಟಿನೊಳಗಿನ ರೆಕಾರ್ಡಿಂಗ್ ಹೆಂಗಸು ಶುರು ಮಾಡಿದಳು: "ಕೃಪಯಾ ದರ್‌ವಾಜಾ ಬಂದ್ ಕರೇಂ." ನಾನು ಬೊಬ್ಬೆ ಹೊಡೆಯುವುದು, ಅವಳು ಅಷ್ಟೇ ವಿನಯದಿಂದ ಬಾಗಿಲು ಮುಚ್ಚಿ ಅನ್ನುವುದು. ಆ ಹುಡುಗ ಗಾಬರಿಯಲ್ಲಿ ಮೊದಲು ಅವಳ ಮಾತು ಕೇಳಿ ಇನ್ನೊಮ್ಮೆ ಎಳೆದ.

ಮನೆಗೆ ಬಂದದ್ದೇ ನಮ್ಮನೆಯವರು ಫ್ರೀಜರಿನಿಂದ ಬಟಾಣಿ ಪ್ಯಾಕೆಟ್ ತೆಗೆದು, ಟವೆಲ್ಲಿನಲ್ಲಿ ಸುತ್ತಿ ಬೆರಳಿನ ಮೇಲಿಟ್ಟರು. ಇದು ಸರಿಯಾದ ಕೆಲಸವೇ. ಐಸನ್ನು ಬರೀ ಚರ್ಮಕ್ಕೆ ಒತ್ತಬಾರದು, ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಬೇಕು. ಕೈಯನ್ನು ಎದೆಗಿಂತ ಮೇಲೆ ಹಿಡಿದುಕೊಂಡಿರಬೇಕು. ಆದರೆ ಅದೇ ಪ್ಯಾಕೆಟ್ ಬಿಚ್ಚಿ ರಾತ್ರಿಗೆ ಬಟಾಣಿ ಪಲಾವ್ ಮಾಡೋಣವಾ ಅಂತ ಅವರು ಕೇಳಿದ್ದು ಸರಿಯಲ್ಲ.

ಉಗುರು ಮೊದಲು ಕೆಂಪಾಯಿತು, ಆಮೇಲೆ ನೇರಳೆ, ಮಲಗುವ ಹೊತ್ತಿಗೆ ಕಪ್ಪು. ಉಗುರಿನ ಕೆಳಗೆ ರಕ್ತ ಸೇರಿಕೊಂಡರೆ ಹೀಗಾಗುತ್ತದೆ. ಮೇಲೆ ಗಟ್ಟಿ ಉಗುರು, ಕೆಳಗೆ ಮೂಳೆ, ನಡುವೆ ಜಾಗವೇ ಇಲ್ಲ. ಸಂಜೆಯ ಕರ್ಜತ್ ಲೋಕಲ್ ಟ್ರೇನ್ ಇದ್ದ ಹಾಗೆ. ಒಳಗೆ ಸೇರಿಕೊಂಡದ್ದಕ್ಕೆ ಇಳಿಯಲು ದಾರಿಯಿಲ್ಲ, ಮೇಲಿಂದ ಇನ್ನಷ್ಟು ತಳ್ಳುತ್ತಲೇ ಇರುತ್ತದೆ. ನನ್ನ ಹೃದಯ ಎದೆಯಲ್ಲಿಲ್ಲ, ಹೆಬ್ಬೆರಳಿನಲ್ಲಿದೆ ಅಂತ ಆ ರಾತ್ರಿ ಗೊತ್ತಾಯಿತು.

ಬೆಳಗಾಗುವುದರೊಳಗೆ ಬಿಲ್ಡಿಂಗಿಗೆಲ್ಲ ಸುದ್ದಿ ಮುಟ್ಟಿತ್ತು. ಎದುರು ಮನೆಯ ಆಜಿ "ಹಳದ್ ಲಾವ್" ಅಂದರು. ಅಮ್ಮ ಶಿವಮೊಗ್ಗದಿಂದ ಫೋನ್ ಮಾಡಿ ಅರಿಶಿನದ ಜೊತೆ ಸುಣ್ಣವನ್ನೂ ಸೇರಿಸಿದಳು. ಕೆಳಗಿನ ಮನೆಯ ಶೆಟ್ಟಿ ಅಂಕಲ್ ಇಡೀ ಜೀವಮಾನ ಹೋಟೆಲ್ ನಡೆಸಿದವರು, ಅಡುಗೆಮನೆಯ ಗಾಯಗಳನ್ನೆಲ್ಲ ನೋಡಿದವರು. ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಎಂತದ್ದೂ ಇಲ್ಲ ಮಾರಾಯ್ತಿ. ಸೂಜಿ ಕೆಂಪಗೆ ಕಾಯಿಸಿ ಉಗುರಿಗೆ ಒಂದು ತೂತು ಮಾಡಿದ್ರೆ ಆಯ್ತು. ಗ್ಯಾಸ್ ಹಚ್ಚು" ಅಂದರು. ನಾನು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ.

ಹೊರಗೆ ಬಂದರೆ ಧಾರವಾಡದ ಕಾಕು ನಿಂಬೆಹಣ್ಣು ಹಿಡಿದು ಕೂತಿದ್ದರು. "ಅಷ್ಟ್ಯಾಕ ಅಂಜತೀ? ಲಿಂಬಿಹಣ್ಣಿಗೆ ತೂತ ಮಾಡಿ ಬೆರಳಿಗೆ ಹಾಕ್ಕೋ. ತಂಪಾಗ್ತದ." ಎಲ್ಲರಿಗೂ ಏನಾದರೊಂದಕ್ಕೆ ತೂತು ಮಾಡಬೇಕು, ಅಷ್ಟೇ. ನಿಂಬೆಹಣ್ಣು ಹಾಕುವುದು ಉಗುರುಸುತ್ತಿಗೆ, ಅಂದರೆ ಉಗುರಿನ ಸಂದಿಯಲ್ಲಿ ಬಾವು ಬಂದು ಕೀವಾದಾಗ. ಇದು ಬರೀ ಪೆಟ್ಟು ಅಂತ ಹೇಳಿ ನೋಡಿದೆ. ಕಾಕು ಅಂಥ ಭೇದಭಾವ ಮಾಡುವವರಲ್ಲ. ಸೂಜಿಗಿಂತ ನಿಂಬೆ ವಾಸಿ ಅಂತ ಒಪ್ಪಿಕೊಂಡೆ.

ಶನಿವಾರವೂ ನಮಗೆ ಆಫೀಸು. ಹೆಬ್ಬೆರಳಿಗೆ ಟೋಪಿ ಹಾಕಿಕೊಂಡೇ ಲೇಡೀಸ್ ಡಬ್ಬಿ ಹತ್ತಿದೆ. ಕೈ ಮೇಲೆತ್ತಿ ಇಟ್ಟುಕೊಳ್ಳುವ ಚಿಕಿತ್ಸೆಯನ್ನು ಪುಕ್ಕಟೆ ಕೊಡುವ ಊರು ಅಂದರೆ ನಮ್ಮ ಮುಂಬೈ. ಡೊಂಬಿವಲಿಯಲ್ಲಿ ಎತ್ತಿದ ಕೈಯನ್ನು ಠಾಣೆ ದಾಟುವ ತನಕ ಇಳಿಸಲು ಜಾಗವೇ ಸಿಗಲಿಲ್ಲ. ಸುತ್ತಲಿನ ತಲೆಗಳ ಮೇಲೆ ನನ್ನ ನಿಂಬೆಹಣ್ಣು ಒಂದೇ ಹಳದಿಯಾಗಿ ತೂಗಾಡುತ್ತಿತ್ತು. ಶನಿವಾರ ಇಲ್ಲಿನ ಅಂಗಡಿ ಬಾಗಿಲಿಗೂ ಟ್ಯಾಕ್ಸಿಗೂ ದೃಷ್ಟಿಗೆ ನಿಂಬೆ-ಮೆಣಸಿನಕಾಯಿ ಕಟ್ಟುತ್ತಾರಲ್ಲ, ಒಬ್ಬಾಕೆ ಮೇಲೆ ನೋಡಿ ಗಂಭೀರವಾಗಿ ಕೇಳಿದಳು: "ಲಿಂಬು ಆಹೆ, ಮಿರ್ಚ್ಯಾ ಕುಠೆ?" ನಿಂಬೆ ಇದೆ, ಮೆಣಸಿನಕಾಯಿ ಎಲ್ಲಿ ಅಂತ. ಇಡೀ ಡಬ್ಬಿ ನಕ್ಕಿತು. ಘಾಟ್ಕೋಪರ್ ಬರುವಷ್ಟರಲ್ಲಿ ರಸ ಇಳಿದು ಚರ್ಮ ಕಿತ್ತ ಜಾಗಕ್ಕೆ ತಾಗಿತು. ಆಗ ನಾನು ಹಾಕಿದ ಕೂಗಿಗೆ ಆ ನೂಕುನುಗ್ಗಲಿನಲ್ಲೂ ಸುತ್ತ ಒಂದಿಷ್ಟು ಜಾಗ ಆಯಿತು. ನಿಂಬೆಹಣ್ಣಿನಿಂದ ಆದ ಉಪಕಾರ ಅದೊಂದೇ.

ಸಂಜೆ ಡಾಕ್ಟರ ಹತ್ತಿರ ಹೋದೆ. ಅವರು ಬೆರಳಿನ ತುದಿ ಮಡಿಚಲು ಬರುತ್ತದಾ ನೋಡಿದರು, ಮೂಳೆ ಬಿರುಕು ಬಿಟ್ಟಿಲ್ಲ ಅಂತ ಎಕ್ಸ್‌ರೇ ಮಾಡಿಸಿ ಖಾತ್ರಿ ಮಾಡಿಕೊಂಡರು. ಆಮೇಲೆ ಒಂದು ಸೂಜಿ ತೆಗೆದರು. ಉಗುರಿನ ಮೇಲಿಟ್ಟು ಬೆರಳುಗಳ ನಡುವೆ ತಿರುಗಿಸುತ್ತಾ ತಿರುಗಿಸುತ್ತಾ ತೂತು ಮಾಡಿದರು! ಉಗುರಿಗೆ ಜೀವ ಇಲ್ಲವಲ್ಲ, ಅದು ನೋಯಲಿಲ್ಲ. ಕಪ್ಪು ರಕ್ತ ಪುಳಕ್ಕನೆ ಹೊರಗೆ ಬಂತು, ನೋವು ಅರ್ಧ ಅಲ್ಲೇ ಇಳಿಯಿತು. ಪೆಟ್ಟು ಬಿದ್ದ ಒಂದೆರಡು ದಿನದೊಳಗೆ ಮಾಡಿದರೇ ಇದರಿಂದ ಪ್ರಯೋಜನ, ರಕ್ತ ಹೆಪ್ಪುಗಟ್ಟಿದ ಮೇಲೆ ಸುಮ್ನೆ. ಮೂಳೆ ಒಡೆದಿದ್ದಾಗ ಮನೆಯಲ್ಲೇ ಚುಚ್ಚಿದರೆ ನಂಜು ಮೂಳೆಗೇ ಹೋಗಬಹುದು ಅಂತಲೂ ಹೇಳಿದರು. ಶೆಟ್ಟಿ ಅಂಕಲ್ ಕೇಳಿದ್ದು ಆ ಕೊನೆಯ ಮಾತನ್ನಲ್ಲ. "ನಾನು ಹೇಳಿದ್ದೇ ಮಾಡಿದ್ರಲ್ಲ! ಫೀಸ್ ಎಷ್ಟು ತಗೊಂಡ್ರು?" ಅಂತ ಈಗಲೂ ಮೆಟ್ಟಿಲ ಮೇಲೆ ಸಿಕ್ಕಾಗೆಲ್ಲ ಕೇಳುತ್ತಾರೆ.

ಭಾನುವಾರ ಅಡುಗೆಮನೆಗೆ ರಜೆ ಕೊಟ್ಟು ಮಾಟುಂಗಾದ ರಾಮ ನಾಯಕರ ಬೋರ್ಡಿಂಗಿಗೆ ಹೋದೆವು. 1942ರಿಂದ ಉಡುಪಿ ಊಟ ಬಡಿಸುತ್ತಿರುವ ಜಾಗ. ಎಲೆಯ ಮುಂದೆ ಕೂತ ಮೇಲೆ ತಿಳಿಯಿತು: ತುತ್ತು ಕಟ್ಟುವುದು ನಾಲ್ಕು ಬೆರಳಾದರೂ ಬಾಯಿಗೆ ತಳ್ಳುವುದು ಹೆಬ್ಬೆರಳೇ. ಬ್ಯಾಂಡೇಜ್ ಸುತ್ತಿದ ಹೆಬ್ಬೆರಳು ಮೇಲೆ ನಿಂತೇ ಇತ್ತು. ಬಡಿಸುವವರು ಊಟ ಸೂಪರ್ ಅಂತ ನಾನು ತೋರಿಸುತ್ತಿದ್ದೇನೆ ಅಂದುಕೊಂಡು ಇನ್ನೊಂದು ಸೌಟು ಸಾರು ಹಾಕಿದರು. ಸಾರು ಮೊಣಕೈ ತನಕ ಹೋಯಿತು.

ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದಂತೆ. ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಅಲ್ಲಿಯವರೆಗೆ ಕಪ್ಪು ಕಲೆ ನಿಧಾನವಾಗಿ ತುದಿಯ ಕಡೆ ಪ್ರಯಾಣ ಮಾಡುತ್ತದೆ. ನಡುವೆ ಆಫೀಸಿನ ಹುಡುಗಿಯೊಬ್ಬಳು "ಮ್ಯಾಮ್, ಯಾವ ಶೇಡ್?" ಅಂತ ಕೇಳಿದಳು. ವಾಚ್‌ಮನ್ ವೋಟ್ ಹಾಕಿದಿರಾ ಅಂದ. ವೋಟಿನ ಶಾಯಿ ಹಾಕುವುದು ಎಡಗೈ ತೋರುಬೆರಳಿಗೆ ಕಣಪ್ಪ, 1962ರಿಂದ ಅದು ಬರುವುದು ನಮ್ಮ ಮೈಸೂರಿನಿಂದ ಅಂತ ಒಂದು ಭಾಷಣ ಬಿಗಿದೆ. ಅವನು ಹಾಗಾದರೆ ಬಲಗೈಗೆ ಯಾರು ಹಾಕಿದರು ಅಂದ.

ಈಗ ಕಲೆ ತುದಿಗೆ ಬಂದಿದೆ. ಕತ್ತರಿಸಿ ಬಿಸಾಡಿದರೆ ಮುಗಿಯಿತು. ಆದರೆ ಮಂಗಳವಾರ, ಶುಕ್ರವಾರ ಉಗುರು ಕತ್ತರಿಸಬಾರದು, ಶನಿವಾರವಂತೂ ಕೂಡದು, ದೀಪ ಹಚ್ಚಿದ ಮೇಲೆ ಯಾವ ದಿನವೂ ಬೇಡ ಅಂತ ಅಮ್ಮನ ಆಜ್ಞೆ. ಉಳಿದ ದಿನ ನಾನು ಮನೆ ಸೇರುವುದೇ ರಾತ್ರಿ ಎಂಟಕ್ಕೆ. ಭಾನುವಾರ ಬೆಳಿಗ್ಗೆ ಕತ್ತರಿಸುತ್ತೇನೆ ಅಂತ ಫೋನಿನಲ್ಲಿ ಹೇಳಿದೆ. ಅಮ್ಮ ಕ್ಯಾಲೆಂಡರ್ ತೆಗೆದು ನೋಡಿದಳು. ಅವತ್ತು ಅಮಾವಾಸ್ಯೆ.