ಹಾರ್ನ್ ಹೊಡೆದ ತಕ್ಷಣ ಸೇತುವೆ ಎತ್ತಲ್ಲ

ಅಮೆರಿಕದಲ್ಲಿ ಯಾರೋ ದುಡ್ಡಿರುವವರ ದೋಣಿ ಒಂದು ಸಲ ಹಾರ್ನ್ ಹೊಡೆದರೆ ಸಾಕು, ಆಫೀಸ್ ಹೊತ್ತಲ್ಲೂ ಸೇತುವೆ ಎತ್ತಿ ಕಾರುಗಳನ್ನೆಲ್ಲ ನಿಲ್ಲಿಸುತ್ತಾರೆ ಅನ್ನೋ ಮಾತು ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಸಾಮಾನ್ಯವಾಗಿ ಅಲ್ಲಿ ದೋಣಿಗೇ ಮೊದಲ ಹಕ್ಕು, ಹೌದು. ಕಾರು ಬೇರೆ ರಸ್ತೆ ಹಿಡಿಯಬಹುದು, ಎತ್ತರದ ಕಂಬದ ಹಾಯಿದೋಣಿ ಎಲ್ಲಿಗೆ ಹೋಗಬೇಕು, ಅಲ್ವಾ? ಆದರೆ ರಶ್ ಅವರ್‌ನ ಲೆಕ್ಕವೇ ಬೇರೆ. ಸಿಯಾಟಲ್‌ನ ಫ್ರೀಮಾಂಟ್ ಸೇತುವೆ ನೋಡಿ. 1917ರದ್ದು, ನೀರಿನಿಂದ ಸುಮಾರು 30 ಅಡಿ ಅಷ್ಟೇ ಎತ್ತರ, ಹಾಗಾಗಿ ದಿನಕ್ಕೆ ಹತ್ತಾರು ಸಲ ತೆರೆಯಲೇಬೇಕು. ಆದರೂ ರಜಾದಿನ ಬಿಟ್ಟು ಸೋಮವಾರದಿಂದ ಶುಕ್ರವಾರದವರೆಗೆ, ಬೆಳಗ್ಗೆ 7ರಿಂದ 9 ಮತ್ತು ಸಂಜೆ 4ರಿಂದ 6, 1,000 ಗ್ರಾಸ್ ಟನ್‌ಗಿಂತ (ಇದು ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ) ಚಿಕ್ಕ ದೋಣಿಗೆ ತೆರೆಯಬೇಕಾಗಿಲ್ಲ. ವಿಹಾರದ ದೋಣಿಗಳು ಹೆಚ್ಚುಕಮ್ಮಿ ಎಲ್ಲವೂ ಇದರೊಳಗೇ ಬಂದವು. ಅಪಾಯದಲ್ಲಿರುವ ದೋಣಿಯಾದರೆ ಮಾತು ಬೇರೆ.

ಇನ್ನು ಆ ಹಾರ್ನ್. ಒಂದು ಉದ್ದ, ಒಂದು ಗಿಡ್ಡ. ಅದು ಕೋರಿಕೆ ಅಷ್ಟೇ. ಈಗ ಆಗಲ್ಲ ಅಂದರೆ ಸೇತುವೆಯಿಂದ ಐದು ಸಲ ಗಿಡ್ಡ ಹಾರ್ನ್ ಬರುತ್ತದೆ, ದೋಣಿಯವರು ಸುಮ್ನೆ ಕಾಯಬೇಕು.

ಅಂದಹಾಗೆ, ಇದಕ್ಕೆಲ್ಲ ಮೇಯರ್‌ಗೆ ಬೈಯುವವರೂ ಇದ್ದಾರೆ. ಆದರೆ ಈ ಸಮಯ ಗೊತ್ತುಮಾಡುವುದು ಅಲ್ಲಿನ ಕೇಂದ್ರ ಸರ್ಕಾರದ ಕೋಸ್ಟ್ ಗಾರ್ಡ್, ನಗರಸಭೆ ಅಲ್ಲ.