ಜಿಪ್ಸಿಯ ಮೈ ಇಳಿಸುವುದು

ದಸರಾ ಹತ್ತಿರ ಬಂದಾಗ ಮೈಸೂರಿನಲ್ಲಿ ಆನೆಗಳಿಗೆ ಮರಳು ಮೂಟೆ ಹೊರಿಸಿ ತಾಲೀಮು ಮಾಡಿಸುತ್ತಾರೆ. ದಿನ ಕಳೆದಂತೆ ಮೂಟೆ ಜಾಸ್ತಿಯಾಗುತ್ತದೆ. ಕೊನೆಗೆ 750 ಕೆಜಿಯ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪಕ್ಕೆ ನಡೆಯಬೇಕಲ್ಲ. ಹಳೆಯ ಮಾರುತಿ 800 ಕಾರೇ ಸುಮಾರು 650 ಕೆಜಿ. ಕಾರಿಗಿಂತ ಭಾರದ್ದನ್ನು ಬೆನ್ನ ಮೇಲಿಟ್ಟುಕೊಂಡು ಆನೆ ಗಂಭೀರವಾಗಿ ಹೋಗುತ್ತದೆ. ಭಾರ ಏರಿಸುವುದರಲ್ಲಿ ನಮ್ಮೂರಿನವರದು ಎತ್ತಿದ ಕೈ. ಇಳಿಸುವ ಮಾತು ಬಂದರೆ ಮಾತ್ರ ಮನೆಯವರೆಲ್ಲ ಎದುರು ನಿಲ್ಲುತ್ತಾರೆ. ನಮ್ಮ ಹಳೆ ಮಾರುತಿ ಜಿಪ್ಸಿ ಜೀಪಿನ ಮೈ ಇಳಿಸಲು ಹೊರಟಾಗ ಇದು ಚೆನ್ನಾಗಿ ಗೊತ್ತಾಯಿತು.

ಜಿಪ್ಸಿ ನಮ್ಮ ರಸ್ತೆಗೆ ಬಂದದ್ದು 1985ರಲ್ಲಿ. ಆಮೇಲೆ ಬಂದ 1.3 ಲೀಟರ್ ಎಂಜಿನ್ನಿನ, ಬಟ್ಟೆ ಟಾಪಿನ ಜಿಪ್ಸಿ ಕೂಡ 985 ಕೆಜಿಯಷ್ಟೇ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಫೋರ್ ವೀಲ್ ಡ್ರೈವ್ ಇದ್ದೂ ಒಂದು ಟನ್ ದಾಟುವುದಿಲ್ಲ. ಸೇನೆಯವರು, ರ‍್ಯಾಲಿ ಓಡಿಸುವವರು, ಕಾಡಿನ ಸಫಾರಿಯವರು ಇದನ್ನು ಮೆಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣ. ಎರಡು ಟನ್ನಿನ ದೊಡ್ಡ ಗಾಡಿ ಹೂತುಕೊಳ್ಳುವ ಕೆಸರನ್ನು ಇದು ದಾಟುವುದು ಎಂಜಿನ್ನಿನ ತಾಕತ್ತಿನಿಂದಲ್ಲ, ಹಗುರ ಮೈಯಿಂದ.

ಇಂಥ ಹಗುರ ಗಾಡಿಯನ್ನು ಹುಡುಕಿ ತಂದವರು ಮೊದಲು ಮಾಡುವ ಕೆಲಸ ಏನು ಗೊತ್ತಾ? ಮುಂದೆ ಉಕ್ಕಿನ ಬಂಪರ್. ಅದರ ಮೇಲೆ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚು. ತಲೆಯ ಮೇಲೆ ಕ್ಯಾರಿಯರ್, ಅದಕ್ಕೆ ಸಾಲು ದೀಪ. ದೊಡ್ಡ ಟೈರು. ಇಷ್ಟೆಲ್ಲ ಆದ ಮೇಲೆ ಮೇಸ್ತ್ರಿ ಹತ್ತಿರ ಹೋಗಿ 'ಯಾಕೋ ಪಿಕಪ್ಪೇ ಇಲ್ಲ' ಅನ್ನುತ್ತಾರೆ. ಸುಮ್ನೆ ಎಲ್ಲ ಬಿಚ್ಚಿಡಿ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ. ಬುಲ್ ಬಾರ್ ಅನ್ನುವ ಮುಂದಿನ ಆ ಉಕ್ಕಿನ ಬಂಪರ್ ಅಂತೂ ಬೇಡವೇ ಬೇಡ ಎಂದು ಕೇಂದ್ರ ಸರ್ಕಾರವೇ 2017ರಲ್ಲಿ ರಾಜ್ಯಗಳಿಗೆ ಬರೆದಿತ್ತು. ಡಿಕ್ಕಿಯಾದಾಗ ಎದುರಿನವರಿಗೂ ಅಪಾಯ, ಒಳಗಿದ್ದವರಿಗೂ ಅಪಾಯ.

ನಮಗೆ ಆಫ್ ರೋಡ್ ಅಂದರೆ ಬೆಟ್ಟ ಹತ್ತುವ ಸಾಹಸವೇನೂ ಅಲ್ಲ. ಪಾಂಡವಪುರದ ಕಡೆ ಅಕ್ಕನ ಮನೆಯವರ ಕಬ್ಬಿನ ಗದ್ದೆಗೆ ಹೋಗುವ ದಾರಿ. ನಾಲೆ ಏರಿಯಿಂದ ಇಳಿದರೆ ಮುಗಿಯಿತು, ಆಮೇಲೆ ಗಾಡಿ ಜಾಡು ಮಾತ್ರ. ಕಬ್ಬು ತುಂಬಿದ ಟ್ರ್ಯಾಕ್ಟರ್ ಓಡಾಡಿ ಮೊಣಕಾಲುದ್ದ ಹೊಂಡ ಬಿದ್ದಿರುತ್ತದೆ. ಟ್ರ್ಯಾಕ್ಟರಿನ ಅಗಲ ಬೇರೆ, ಜಿಪ್ಸಿಯ ಅಗಲ ಬೇರೆ. ಹಾಗಾಗಿ ಒಂದು ಕಡೆಯ ಚಕ್ರ ಹೊಂಡದಲ್ಲಿ, ಇನ್ನೊಂದು ಕಡೆಯದು ನಡುವಿನ ದಿಬ್ಬದ ಮೇಲೆ. ಗಾಡಿ ಓರೆಯಾಗಿ ತೆವಳುವಾಗ ತಲೆಯ ಮೇಲಿನ ಕ್ಯಾರಿಯರ್ ನೆನಪಾಗುತ್ತದೆ. ಎಷ್ಟು ಭಾರ ಅನ್ನುವಷ್ಟೇ, ಅದು ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಕಾಲ ಬುಡದಲ್ಲಿದ್ದರೆ ಸುಮ್ಮನೆ ಬಿದ್ದಿರುವ 30 ಕೆಜಿ, ಟಾಪಿನ ಮೇಲೆ ಹೋದರೆ ಗಾಡಿಯನ್ನು ಪಕ್ಕಕ್ಕೆ ಎಳೆಯಲು ಶುರು ಮಾಡುತ್ತದೆ. ಚಕ್ರದ ಭಾರ ಇನ್ನೂ ತರಲೆ. ಅದನ್ನು ಮುಂದಕ್ಕೆ ಎಳೆದರೆ ಸಾಲದು, ಗರಗರ ತಿರುಗಿಸಲೂ ಬೇಕು, ಹೊಂಡ ಬಂದಾಗ ಸ್ಪ್ರಿಂಗು ಅದನ್ನು ಎತ್ತಿ ಇಳಿಸಲೂ ಬೇಕು. ದೊಡ್ಡ ಟೈರಿನ ಮೋಹ ಇರುವವರು ಇದನ್ನು ಕೇಳಿಸಿಕೊಳ್ಳುವುದಿಲ್ಲ, ಬಿಡಿ.

ಇರುವ ಟೈರಿನಲ್ಲೇ ಗಾಳಿ ಸ್ವಲ್ಪ ಇಳಿಸಿದರೆ ಸಾಕು. ಟೈರು ಅಗಲವಾಗಿ ನೆಲ ಹಿಡಿಯುತ್ತದೆ, ಅಷ್ಟೇ ಭಾರ ಜಾಸ್ತಿ ಜಾಗಕ್ಕೆ ಹಂಚಿಹೋಗುತ್ತದೆ. ಟಾರು ರಸ್ತೆಗೆ ಹತ್ತುವ ಮೊದಲು ಮತ್ತೆ ತುಂಬಿಸಲು ಒಂದು ಪಂಪು ಜೊತೆಗಿರಬೇಕು, ಅಷ್ಟೇ ಖರ್ಚು.

ಕಬ್ಬಿನ ಲಾರಿ ತೂಗುವ ವೇಬ್ರಿಡ್ಜಿಗೆ ಜಿಪ್ಸಿ ಹತ್ತಿಸಿದಾಗ ಅಲ್ಲಿದ್ದವನು ಹಿಂದೆ ಬಗ್ಗಿ ನೋಡಿದ. 'ಏನ್ ಸಾ, ಖಾಲಿ ಗಾಡಿ ತಂದಿದ್ದೀರಲ್ಲ, ಲೋಡು ಎಲ್ಲಿ?' ಖಾಲಿಯ ತೂಕವೇ ಬೇಕು ಎಂದಾಗ ನನ್ನನ್ನು ಒಂಥರಾ ನೋಡಿ ಚೀಟಿ ಕೊಟ್ಟ. ಖಾಲಿ ಗಾಡಿ 1100 ಕೆಜಿ ದಾಟಿತ್ತು. ಕಾರ್ಪೆಟ್ ಕಿತ್ತು ಮತ್ತೆ ತೂಗಿಸಿದರೆ ಚೀಟಿಯಲ್ಲಿ ಅದೇ ಅಂಕಿ. ಟನ್ನುಗಟ್ಟಲೆ ತೂಗುವ ಯಂತ್ರಕ್ಕೆ ನಾಲ್ಕೈದು ಕೆಜಿ ಲೆಕ್ಕಕ್ಕೇ ಇಲ್ಲ. ಆದರೂ ಕಾರ್ಪೆಟ್ ತೆಗೆದದ್ದು ಒಳ್ಳೆಯದೇ ಆಯಿತು. ಅದು ನೀರು ಕುಡಿದು ತಿಂಗಳುಗಟ್ಟಲೆ ಒಣಗದೆ ಕೂತು ಕೆಳಗಿನ ತಗಡಿಗೆ ತುಕ್ಕು ಹಿಡಿಸುತ್ತಿತ್ತು.

ಹಾಗಾದರೆ ಉಳಿದ ಭಾರ ಎಲ್ಲಿಂದ ಬಂತು? ಸ್ವಲ್ಪ ಹಿಂದಿನ ಮಾಲೀಕರು ಹಾಕಿಸಿದ ಬಂಪರ್ರು, ಸ್ವಲ್ಪ ಚಾಸಿಸ್ಸಿನ ಸಂದುಗೊಂದಿನಲ್ಲಿ ಕಟ್ಟಿಕೊಂಡ ಗದ್ದೆ ಮಣ್ಣು. ಮಿಕ್ಕಿದ್ದು ನಮ್ಮ ಸಂಸಾರದ್ದು. ಎರಡು ಜಾಕಿ, ಅದರಲ್ಲಿ ಒಂದು ಏಳುವುದೇ ಇಲ್ಲ. ಎಕ್ಸ್‌ಚೇಂಜಿಗೆ ಕೊಡಬೇಕೆಂದು ಇಟ್ಟ ಸತ್ತ ಬ್ಯಾಟರಿ. ಅಪ್ಪನ ಕಾಲದ ಸ್ಪ್ಯಾನರ್ ಪೆಟ್ಟಿಗೆ, ಅದರಲ್ಲಿ ಜಿಪ್ಸಿಗೆ ಹೊಂದುವ ಸ್ಪ್ಯಾನರ್ ಕಮ್ಮಿ. ಅರ್ಧ ಚೀಲ ಯೂರಿಯಾ. ಮುರಿದ ಕೊಡೆ. ಕಬ್ಬಿಣದ ಸರಪಳಿ ಒಂದು, ಎಳೆಯಲು. ಈ ಸರಪಳಿಯನ್ನು ಮಾತ್ರ ನಾನು ಹಟ ಹಿಡಿದು ಗುಜರಿಗೆ ಹಾಕಿದೆ. ಭಾರವೂ ಹೌದು, ಎಳೆಯುವಾಗ ಕಿತ್ತು ಬಂದರೆ ಯಾರ ಕಾಲು ಮುರಿಯುತ್ತದೋ ಹೇಳಲಾಗದು. ನೈಲಾನ್ ಪಟ್ಟಿ ಹಗುರ. ಬೇರೆಯದನ್ನೆಲ್ಲ ಇಳಿಸಲು ಹೋದರೆ ಮನೆಯವಳು, 'ರೀ, ಅದು ಇರಲಿ, ಬೇಕಾಗುತ್ತೆ' ಎಂದು ಒಳಗಿಟ್ಟಳು. ಜಿಪ್ಸಿ ಒಳಗಲ್ಲ, ಅಡುಗೆಮನೆ ಅಟ್ಟದ ಮೇಲೆ. ಗಾಡಿ ಹಗುರವಾಯಿತು, ಅಟ್ಟ ಬಾಗಿತು.

ಪೆಟ್ರೋಲಿನ ಲೆಕ್ಕವೂ ಇದೆ. ಲೀಟರಿಗೆ ಮುಕ್ಕಾಲು ಕೆಜಿ ಅಂತ ಇಟ್ಟುಕೊಳ್ಳಿ, 40 ಲೀಟರಿನ ಟ್ಯಾಂಕ್ ತುಂಬಿದರೆ 30 ಕೆಜಿ. ಅರ್ಧ ಹಾಕಿಸಿದರೆ 15 ಉಳಿಯಿತು. ಹಾಗಂತ ತಳ ಕಾಣುವವರೆಗೆ ಬಿಟ್ಟರೆ ಕಡಿದಾದ ಏರಿನಲ್ಲಿ ಪೆಟ್ರೋಲು ಒಂದು ಮೂಲೆಗೆ ಸರಿದು ಎಂಜಿನ್ನು ಕೆಮ್ಮುತ್ತದೆ.

ಹುಮ್ಮಸ್ಸು ಜಾಸ್ತಿಯಾದವರು ಇಷ್ಟಕ್ಕೇ ನಿಲ್ಲುವುದಿಲ್ಲ. ಬಾಗಿಲು ಕಿತ್ತು, ಹಿಂದಿನ ಸೀಟು ಬಿಚ್ಚಿ, ಸ್ಟೆಪ್ನಿ ಮನೆಯಲ್ಲಿಟ್ಟು ಹೊರಡುತ್ತಾರೆ. ಸೀಟು ಎಷ್ಟು ಅನ್ನುವುದು ಆರ್‌ಸಿಯಲ್ಲಿ ಬರೆದಿರುತ್ತದೆ, ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ ಬರುತ್ತದೆ. ಕಾನೂನು ಹಾಗಿರಲಿ, ಗದ್ದೆ ನಡುವೆ ಪಂಕ್ಚರ್ ಆದಾಗ ಸ್ಟೆಪ್ನಿಯ ಭಾರ ಯಾರಿಗೂ ಭಾರ ಅನ್ನಿಸುವುದಿಲ್ಲ. ಎನ್. ಆರ್. ಮೊಹಲ್ಲಾದ ನಮ್ಮ ಮೇಸ್ತ್ರಿ ಇಂಥವರಿಗೆ ಒಂದೇ ಮಾತು ಹೇಳುವುದು: 'ಸಾರ್, ಬೆಲ್ಟೂ ಬ್ರೇಕೂ ಬಿಟ್ಟು ಬೇರೆ ಏನು ಬೇಕಾದ್ರೂ ಬಿಚ್ತೀನಿ.'

ಇಷ್ಟೆಲ್ಲ ಮಾಡಿಯೂ ಗಾಡಿಯಲ್ಲಿ ಸುಲಭವಾಗಿ ಇಳಿಸಬಹುದಾದ ದೊಡ್ಡ ಭಾರ ಅಂದರೆ ಕೂತವರೇ ಅಲ್ವಾ? ನಾಲ್ಕು ಜನ ಸೇರಿದರೆ ಹತ್ತಿರ ಹತ್ತಿರ 300 ಕೆಜಿ. ಯಾವ ಬಂಪರ್ರೂ ಅಷ್ಟು ತೂಗುವುದಿಲ್ಲ. ಮಳೆ ಬಂದ ಮಾರನೇ ದಿನ ಗದ್ದೆ ದಾರಿಯಲ್ಲಿ ಚಕ್ರ ಸುಮ್ಮನೆ ಸುತ್ತತೊಡಗಿದಾಗ ನಾನು ಹಿಂದಕ್ಕೆ ತಿರುಗಿ, 'ಭಾವ, ಸ್ವಲ್ಪ ಇಳೀತೀರಾ?' ಅಂದೆ. 'ಹೊಸ ಚಪ್ಪಲಿ ಕಣಯ್ಯ' ಅನ್ನುತ್ತಲೇ ಇಳಿದರು. ಅಕ್ಕ, ನನ್ನವಳು ಕೂಡ ಇಳಿದರು. ಲೋ ಗೇರಿಗೆ ಹಾಕಿ ಮೆಲ್ಲಗೆ ಬಿಟ್ಟೆ, ಜಿಪ್ಸಿ ಎದ್ದು ಹೊರಟೇ ಬಿಟ್ಟಿತು. ಗಟ್ಟಿ ನೆಲ ಸಿಗುವವರೆಗೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಮತ್ತೆ ಹೂತುಕೊಳ್ಳುತ್ತದೆ. ಪಂಪ್‌ಸೆಟ್ ಮನೆಯವರೆಗೆ ಮೂವರೂ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬಂದರು.

ಭಾವ ಬಂದವರೇ ಕಾಲು ತೊಳೆಯುತ್ತಾ, 'ಎಲ್ಲಾ ಇಳಿಸಾಯ್ತಲ್ಲ, ಇನ್ನು ಗಾಡೀಲಿ ಭಾರ ಅಂತ ಇರೋದು ನೀನೊಬ್ಬನೇ. ಬರೋ ಸಲ ನಾನು ಓಡಿಸ್ತೀನಿ, ನೀನು ಇಳಿ' ಅಂದರು. ನಾನು 62 ಕೆಜಿ, ಅವರು 90 ದಾಟಿದ್ದಾರೆ. ಲೆಕ್ಕ ಬಿಡಿಸಿ ಹೇಳೋಣ ಅಂದುಕೊಂಡೆ. ಅಕ್ಕ ಅಲ್ಲೇ ನಿಂತಿದ್ದಳು, ಹೇಳಲಿಲ್ಲ.